ಕೇಳೋಣ ಅಂದ್ರೆ ಯಾರನ್ನ?

ದಾವಣಗೆರೆಯಲ್ಲಿ ಕಂಪ್ಯೂಟರ್ ಮಾರುವವರಿಗೆ ಬರವಿಲ್ಲ. ರಿಪೇರಿ ಮಾಡುವವರಿಗೂ ಬರವಿಲ್ಲ. ಮೊಬೈಲ್ ಅಂಗಡಿಗಳಂತೂ ಬೆಣ್ಣೆ ದೋಸೆ ಹೋಟೆಲುಗಳಿಗೇ ಪೈಪೋಟಿ. ಬರವಿರುವುದು ಒಂದಕ್ಕೇ: ಏನನ್ನೂ ಮಾರದೆ, ಕೇಳಿದ್ದಕ್ಕೆ ನೆಟ್ಟಗೆ ಉತ್ತರ ಹೇಳುವವರಿಗೆ!

2017ರ ಜುಲೈ 1ಕ್ಕೆ ಜಿ.ಎಸ್.ಟಿ. ಬಂತು. ಎಷ್ಟೋ ಅಂಗಡಿಗಳಲ್ಲಿ ಗಲ್ಲಾದ ಪಕ್ಕ ಕಂಪ್ಯೂಟರ್ ಬಂದು ಕೂತಿತು, ಕೆಂಪು ಬಟ್ಟೆಯ ಖಾತೆ ಪುಸ್ತಕ ಅಟ್ಟ ಹತ್ತಿತು. ಒಳ್ಳೇದೇ ಆಯ್ತು. ಆದರೆ ಒಂದು ಬೆಳಿಗ್ಗೆ ಆ ಯಂತ್ರ ಏಳಲಿಲ್ಲ ಅನ್ನಿ, ಮಂಡಿಪೇಟೆಯ ವರ್ತಕರು ಯಾರನ್ನ ಕೇಳಬೇಕು? ಬೆಂಗಳೂರಲ್ಲಿರೋ ಮಗ ‘ಮೀಟಿಂಗಲ್ಲಿದೀನಿ ಅಪ್ಪಾಜಿ’ ಅಂತಾನೆ. ರಿಪೇರಿಯವನು ‘ಫಾರ್ಮ್ಯಾಟ್ ಹೊಡಿಬೇಕ್ರಿ’ ಅಂತಾನೆ. ಹಾಗಂದರೆ ಒಳಗಿದ್ದದ್ದೂ ಅಳಿಸಿಹೋಗುತ್ತದೆ ಎಂಬುದು ಗೊತ್ತಾಗುವುದು ವರ್ಷದ ಲೆಕ್ಕ ಕೈಬಿಟ್ಟ ಮೇಲೆ. ‘ವಾರಕ್ಕೊಮ್ಮೆ ಲೆಕ್ಕದ ನಕಲನ್ನು ಪೆನ್ ಡ್ರೈವಿಗೆ ಹಾಕಿ ಮನೆಗೆ ಒಯ್ಯಿರಿ’ ಎಂದು ಮೊದಲೇ ಒಬ್ಬರು ಹೇಳಿದ್ದರೆ ಸಾಕಿತ್ತು.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಕಂಪನಿಯ ಉಚಿತ ಬೆಂಬಲ ಮುಗಿಯಿತು. ಎಷ್ಟೋ ಹಳೇ ಯಂತ್ರಗಳು ವಿಂಡೋಸ್ 11ರ ಷರತ್ತಿಗೆ ಹೊಂದುವುದಿಲ್ಲ. ಮಾರುವವರನ್ನು ಕೇಳಿದರೆ ಉತ್ತರ ಒಂದೇ: ‘ಹೊಸದು ತಗೊಳ್ಳಿ!’ ಇನ್ನೊಂದು ವರ್ಷ ರಕ್ಷಣೆ ಮುಂದುವರಿಸಿಕೊಳ್ಳುವ ದಾರಿಯನ್ನೂ ಕಂಪನಿ ಇಟ್ಟಿತ್ತು. ಅದನ್ನು ಎಷ್ಟು ಜನ ವರ್ತಕರ ಕಿವಿಗೆ ಯಾರು ಹಾಕಿದರು?

ಬಸ್ಸಿಗೆ ಕಾದು ನಿಂತವರ ಕಥೆ ಇನ್ನೂ ಕಷ್ಟ. ದುಡ್ಡು ಖಾತೆಯಿಂದ ಹೋಯ್ತು, ಎದುರಿನವನಿಗೆ ಮುಟ್ಟಲಿಲ್ಲ. ಗಾಬರಿಯಲ್ಲಿ ಫೋನಿನಲ್ಲೇ ‘ಕಸ್ಟಮರ್ ಕೇರ್’ ನಂಬರ್ ಹುಡುಕುತ್ತಾರೆ. ಅಲ್ಲಿ ಕಳ್ಳರು ತಮ್ಮದೇ ನಂಬರ್ ಇಟ್ಟು ಕೂತಿರುತ್ತಾರೆ. ‘ಈ ಆ್ಯಪ್ ಹಾಕ್ಕೊಳ್ಳಿ ಸಾರ್, ನಿಮ್ಮ ಪರದೆ ನಮಗೆ ಕಾಣ್ಲಿ’ ಅಂತಾರೆ. ಮುಗೀತು ಕಥೆ! ಹುಡುಗಿಯ ಮದುವೆಗೆ ಕೂಡಿಟ್ಟ ದುಡ್ಡು ಹತ್ತು ನಿಮಿಷದಲ್ಲಿ ಮಾಯ. ಇಂಥವರನ್ನು ದಡ್ಡರು ಅನ್ನುವುದು ಸುಲಭ. ಆದರೆ ಸಹಾಯ ಕೇಳಲು ಹೋದವರೇ ಸಿಕ್ಕಿಬೀಳುತ್ತಾರೆ ಅಂದಮೇಲೆ, ಊರಲ್ಲಿ ಸರಿಯಾದ ಸಹಾಯ ಸಿಗುತ್ತಿಲ್ಲ ಅಂತಲೇ ಅರ್ಥ.

ತಿಳಿದಿರಬೇಕಾದ್ದು ಬೆಟ್ಟದಷ್ಟೇನಿಲ್ಲ. ಬ್ಯಾಂಕಿನ ನಂಬರ್ ಪಾಸ್‌ಬುಕ್ಕಿನಲ್ಲೋ ಕಾರ್ಡಿನ ಹಿಂದೋ ಇರುತ್ತದೆ, ಅಲ್ಲೇ ನೋಡಬೇಕು. ಯು.ಪಿ.ಐ. ಪಿನ್ ಒತ್ತುವುದು ದುಡ್ಡು ಕೊಡುವುದಕ್ಕೆ, ದುಡ್ಡು ಬರಬೇಕಾದರೆ ಪಿನ್ ಬೇಕಿಲ್ಲ. ‘ವೈರಸ್ ಬಂದಿದೆ, ಈ ನಂಬರಿಗೆ ಫೋನ್ ಮಾಡಿ’ ಎಂದು ಪರದೆ ಅರಚಿದರೆ ಅದು ಸುಳ್ಳು. ಮೈಕ್ರೋಸಾಫ್ಟ್ ತನ್ನ ಎಚ್ಚರಿಕೆಯಲ್ಲಿ ಫೋನ್ ನಂಬರ್ ಹಾಕುವುದೇ ಇಲ್ಲ. ಮೋಸ ಆಗಿಯೇಹೋದರೆ ನಾಚಿಕೆ ಬಿಟ್ಟು ತಕ್ಷಣ 1930ಕ್ಕೆ ಫೋನ್ ಮಾಡಬೇಕು. ತಡ ಮಾಡಿದಷ್ಟೂ ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರಿರುತ್ತದೆ.

ಸರ್ಕಾರ ಏನೂ ಮಾಡಲಿಲ್ಲ ಅಂತಲ್ಲ. 2017ರಲ್ಲಿ ಕೇಂದ್ರ ಸರ್ಕಾರ 6 ಕೋಟಿ ಜನರಿಗೆ ಡಿಜಿಟಲ್ ಪಾಠ ಹೇಳಲು ಹೊರಟಿತು. ಅದು ಹಳ್ಳಿಯವರಿಗೆ ಮಾತ್ರ, ತಲೆಗೆ 20 ತಾಸು. 2024ರ ಮಾರ್ಚಿಗೆ ಅದೂ ಮುಗಿಯಿತು. ಪಾಠ ಬೇರೆ, ಕಷ್ಟ ಬಂದ ಹೊತ್ತಿಗೆ ಸಿಗುವ ಉತ್ತರವೇ ಬೇರೆ.

ಹಾಗಾದರೆ ದಾರಿ? ಆಸ್ತಿ ತೆರಿಗೆಯ ಮೇಲೆ ನೂರಕ್ಕೆ 6ರಂತೆ ಗ್ರಂಥಾಲಯ ಕರ ಕಟ್ಟುತ್ತಿರುವವರು ಈ ಊರಿನ ಜನವೇ. ಆ ನಗರ ಕೇಂದ್ರ ಗ್ರಂಥಾಲಯದಲ್ಲಿ ಸಂಜೆ ಎರಡು ತಾಸು ಒಂದು ಮೇಜು, ಎರಡು ಕುರ್ಚಿ, ಒಂದು ರಿಜಿಸ್ಟರ್ ಇಡಲಿ. ಯು.ಬಿ.ಡಿ.ಟಿ. ಕಾಲೇಜು 1951ರಿಂದ ಎಂಜಿನಿಯರುಗಳನ್ನು ತಯಾರು ಮಾಡುತ್ತಿದೆ. ಅಲ್ಲಿಯ, ಪಾಲಿಟೆಕ್ನಿಕ್ಕಿನ ಹುಡುಗ ಹುಡುಗಿಯರು ಸರದಿಯ ಮೇಲೆ ಕೂರಲಿ. ಕಟ್ಟಳೆ ಎರಡೇ: ಹೇಳಿಕೊಡುವವರು ಯಾರ ಪಾಸ್‌ವರ್ಡನ್ನೂ ಓ.ಟಿ.ಪಿ.ಯನ್ನೂ ಕೇಳಕೂಡದು. ಕೇಳಲು ಬಂದವರ ಕೈಯೇ ಯಂತ್ರದ ಮೇಲಿರಬೇಕು, ಅವರೇ ಮಾಡಿ ಕಲಿಯಬೇಕು. ಪದೇ ಪದೇ ಬರುವ ಪ್ರಶ್ನೆಗೆ ಅಚ್ಚಗನ್ನಡದಲ್ಲಿ ಉತ್ತರ ಬರೆದು ಬಸ್ ನಿಲ್ದಾಣದ ಗೋಡೆಗೆ ಅಂಟಿಸಿದರೆ ಓದುವವರು ನೂರಾರು ಜನ.

ಕರೆಂಟ್ ಹೋದರೆ ದೂರು ಹೇಳಲು ಕಚೇರಿ ಇದೆ, ನಲ್ಲಿ ನಿಂತರೆ ಪಾಲಿಕೆ ಇದೆ. ಊರಿನ ವ್ಯವಹಾರವೆಲ್ಲ ಕಂಪ್ಯೂಟರಿಗೂ ಮೊಬೈಲಿಗೂ ಏರಿದ ಮೇಲೆ ಅದರ ಸಂಶಯ ಕೇಳಲು ಒಂದು ಮೇಜೂ ಬೇಡವೇ? ಜಿಲ್ಲಾಧಿಕಾರಿಗಳು, ಗ್ರಂಥಾಲಯದವರು, ಕಾಲೇಜಿನ ಪ್ರಾಂಶುಪಾಲರು ಒಂದು ಸಂಜೆ ಕೂತು ಮಾತಾಡಿದರೆ ಆಗುವ ಕೆಲಸ ಇದು. ಕೂರುತ್ತಾರೆಯೇ?