ಸನದು ಮೊದಲೋ, ಹುನರು ಮೊದಲೋ?

ಪದವಿ ಪರೀಕ್ಷೆಗಳ ಫಲಿತಾಂಶ ಬಂದ ವಾರದಲ್ಲೇ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳ ಬಸ್‌ಸ್ಟ್ಯಾಂಡುಗಳ ಸುತ್ತ ಹೊಸ ಫ್ಲೆಕ್ಸುಗಳು ಏಳುತ್ತವೆ. ಪುಢಾರಿಗಳ ಹುಟ್ಟುಹಬ್ಬದ ಫ್ಲೆಕ್ಸಿನ ಪಕ್ಕದಲ್ಲಿ ಟೈ ಕಟ್ಟಿದ ಹುಡುಗನೊಬ್ಬನ ಚಿತ್ರ. ಅದರ ಕೆಳಗೆ ಸಿಸಿಎನ್‌ಎ, ಎಡಬ್ಲ್ಯುಎಸ್, ಅಜೂರ್ ಎಂಬ ಹೆಸರುಗಳು. ಮೂರು ತಿಂಗಳಲ್ಲಿ ಸರ್ಟಿಫಿಕೇಟು, ನೂರಕ್ಕೆ ನೂರು ಕೆಲಸ ಖಾತ್ರಿ ಎಂಬ ಭರವಸೆ. ಕಲಿಸುವವರು ಯಾರು, ಏನನ್ನು ಕಲಿಸುತ್ತಾರೆ, ಯಾವ ಕೆಲಸಕ್ಕೆ ಎಂಬ ಮಾತು ಮಾತ್ರ ಎಲ್ಲೂ ಇರುವುದಿಲ್ಲ.

ಇದನ್ನು ನಂಬುವ ಅಪ್ಪಂದಿರನ್ನು ಕಂಡು ನಗುವುದು ಸುಲಭ. ಆದರೆ ಆ ನಂಬಿಕೆಗೆ ಕಾರಣವಿದೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾಯಿತು. ಆಮೇಲೆ ಏರೋಸ್ಪೇಸ್ ಪಾರ್ಕು ಬಂತು, ಹೊಸಕೋಟೆ, ನೆಲಮಂಗಲದ ಹೆದ್ದಾರಿಗಳ ಇಕ್ಕೆಲದಲ್ಲಿ ಗೋದಾಮುಗಳು ಬಂದವು, ಈಗ ಐಫೋನ್ ಜೋಡಿಸುವ ಫಾಕ್ಸ್‌ಕಾನ್ ಕಾರ್ಖಾನೆಯೂ ಬಂದಿದೆ. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ ರೈತರು ಮಾತ್ರ ಮೂರು ವರ್ಷಕ್ಕೂ ಮಿಕ್ಕಿ ಧರಣಿ ಕೂತು, 2025ರ ಜುಲೈ 15ರಂದು 1777 ಎಕರೆಯ ಭೂಸ್ವಾಧೀನವನ್ನು ಸರ್ಕಾರ ಕೈಬಿಡುವಂತೆ ಮಾಡಿದರು. ಅದಕ್ಕೂ ಮೊದಲೇ ಭೂಮಿ ಕಳೆದುಕೊಂಡವರ ಮಕ್ಕಳ ಪಾಲಿಗೆ, ಭೂಮಿಯೇ ಇಲ್ಲದ ನೇಕಾರರ, ರೀಲರುಗಳ, ಗ್ಯಾರೇಜಿನವರ ಮಕ್ಕಳ ಪಾಲಿಗೆ ಬಂದದ್ದು ಬಹುಮಟ್ಟಿಗೆ ಕ್ಯಾಬಿನ ಸ್ಟೀರಿಂಗು, ಗೇಟಿನ ಕಾವಲು, ಗೋದಾಮಿನ ಪ್ಯಾಕಿಂಗು. ಗಾಜಿನ ಕಟ್ಟಡದ ಹೊರಗೆ ನಿಂತವನಿಗೆ ಒಳಗೆ ಹೋಗುವ ಚೀಟಿ ಇಲ್ಲಿದೆ ಎಂದು ಯಾರಾದರೂ ಹೇಳಿದರೆ ಅವನು ಕೈಚಾಚದೆ ಇನ್ನೇನು ಮಾಡಿಯಾನು?

ಕತೆ ಬರೆಯುವ ನಮಗೆ ಈ ವಿಷಯ ಯಾಕೆ ಎಂದು ಕೇಳುವವರಿರಬಹುದು. ಉರ್ದು ಶಾಲೆಯಲ್ಲೂ ಕನ್ನಡ ಶಾಲೆಯಲ್ಲೂ ಕಲಿತ ನಮಗೆ ‘ಸನದು’ ಎಂಬ ಮಾತು ಎರಡೂ ಕಡೆ ಸಿಕ್ಕಿದೆ. ಕನ್ನಡದಲ್ಲಿ ಅದು ಇನಾಮು ಭೂಮಿಯ ಕಾಗದ. ಉರ್ದುವಿನಲ್ಲಿ ಅದು ವಿದ್ಯೆಯ ಸಾಕ್ಷಿ. ಹಿಂದೆ ಉಸ್ತಾದರ ಮುಂದೆ ಕೂತು ಒಂದು ಕಿತಾಬನ್ನು ಮೊದಲಿನಿಂದ ಕೊನೆಯವರೆಗೆ ಓದಿ ಒಪ್ಪಿಸಿದ ಮೇಲೆ, ಇನ್ನು ನೀನು ಇದನ್ನು ಕಲಿಸಬಹುದು ಎಂದು ಅವರು ಬರೆದುಕೊಡುತ್ತಿದ್ದರು. ಅದರಲ್ಲಿ ಉಸ್ತಾದರ ಹೆಸರಿರುತ್ತಿತ್ತು, ಅವರ ಉಸ್ತಾದರ ಹೆಸರೂ ಇರುತ್ತಿತ್ತು. ಶಿಷ್ಯ ತಪ್ಪು ಹೇಳಿದರೆ ಆ ಸಾಲಿನಲ್ಲಿದ್ದ ಎಲ್ಲರ ಮಾನ ಹೋಗುತ್ತಿತ್ತು. ಮೊದಲು ಹುನರು, ಆಮೇಲೆ ಸನದು. ಇವತ್ತು ಈ ಕ್ರಮ ತಿರುವುಮುರುವಾಗಿದೆ ಎಂಬುದೇ ನಮ್ಮ ತಕರಾರು.

ಹೀಗೆ ಹೇಳಿದ ಕೂಡಲೇ ಬೆಂಗಳೂರಿನ ಕೆಲವು ಮಿತ್ರರು ತಲೆದೂಗುತ್ತಾರೆ. ಸರ್ಟಿಫಿಕೇಟಿನಲ್ಲಿ ಏನಿದೆ, ಪ್ರತಿಭೆಯಿದ್ದರೆ ಸಾಕು ಎನ್ನುತ್ತಾರೆ. ಅವರೊಂದಿಗೂ ನಮಗೆ ಜಗಳವಿದೆ. ಈ ಮಾತು ಹೇಳುವವರು ಯಾರೆಂದು ನೋಡಿ. ದೊಡ್ಡ ಇಂಜಿನಿಯರಿಂಗ್ ಕಾಲೇಜಿನ ಹೆಸರು ಬೆನ್ನಿಗಿದ್ದವರು, ಕಂಪೆನಿಯೊಳಗೆ ಮಾವನೋ ಭಾವನೋ ಇದ್ದವರು. ಅವರ ಕಾಲೇಜಿನ ಹೆಸರೇ ಅವರ ಸನದು. ಪ್ರತಿಷ್ಠಿತ ಕಾಲೇಜುಗಳಲ್ಲಿ ಪದವಿ ಓದುವ 25 ಮಂದಿಯಲ್ಲಿ ಒಬ್ಬರು, ಸ್ನಾತಕೋತ್ತರದಲ್ಲಿ 50 ಮಂದಿಯಲ್ಲಿ ಒಬ್ಬರು ಮಾತ್ರ ಮುಸ್ಲಿಮರು ಎಂದು 2006ರಲ್ಲಿ ಸಾಚಾರ್ ಸಮಿತಿ ಬರೆಯಿತು. ವಿಜಯಪುರದ ರೀಲರ್ ಮನೆಯ ಹುಡುಗಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿಸಿಎ ಮಾಡಿ ಅರ್ಜಿ ಹಾಕಿದರೆ, ಆ ಕಾಲೇಜಿನ ಹೆಸರು ಕಂಡು ಎಷ್ಟು ಅರ್ಜಿಗಳು ಪಕ್ಕಕ್ಕೆ ಸರಿಯುತ್ತವೆ, ಅವಳ ಹೆಸರು ಕಂಡು ಇನ್ನೆಷ್ಟು ಸರಿಯುತ್ತವೆ ಎಂಬುದು ಈ ಮಿತ್ರರಿಗೆ ಗೊತ್ತಿಲ್ಲ. ಪರೀಕ್ಷಾ ಕೇಂದ್ರದ ಕಂಪ್ಯೂಟರು ನೀನು ಯಾರ ಮಗಳು ಎಂದು ಕೇಳುವುದಿಲ್ಲ, ಉತ್ತರ ಸರಿಯೋ ತಪ್ಪೋ ಅಷ್ಟನ್ನೇ ನೋಡುತ್ತದೆ. ಬೇರೆ ಬಾಗಿಲಿಲ್ಲದವರಿಗೆ ಇದೊಂದು ನಿಜವಾದ ಬಾಗಿಲು. ಅದಕ್ಕಾಗಿಯೇ ಅದನ್ನು ಕೆಡಿಸುವವರ ಮೇಲೆ ನಮಗೆ ಸಿಟ್ಟು.

ಕೆಡಿಸುವವರಲ್ಲಿ ಮೊದಲಿಗರು ಅಂಗಡಿಕಾರರು. ವಿಜಯಪುರದ ಗೂಡಿನ ಮಾರುಕಟ್ಟೆಯಲ್ಲಿ ಕೈಯಾಡಿಸಿ, ಗೂಡನ್ನು ಒತ್ತಿ ನೋಡದೆ ಒಂದು ಲಾಟಿಗೂ ಬೆಲೆ ಹಾಕದ ರೀಲರ್, ಮಗನ ಕೋರ್ಸಿಗೆ ಮಾತ್ರ ಫ್ಲೆಕ್ಸ್ ನೋಡಿ ದುಡ್ಡು ಕಟ್ಟುತ್ತಾನೆ. ಅವನು ಕೇಳುವ ಪ್ರಶ್ನೆ ಒಂದೇ: “ನೌಕ್ರಿ ಮಿಲ್ತಿ ನಾ ಸಾಬ್?” ಸಿಗುತ್ತದೆ ಎಂದು ಸಾಹೇಬರು ಹೇಳುತ್ತಾರೆ. ಹುಡುಗನಿಗೆ ಯಾವ ಕೆಲಸದ ಕಡೆ ಒಲವು ಎಂದು ಅಪ್ಪನೂ ಕೇಳುವುದಿಲ್ಲ, ಸಾಹೇಬರೂ ಕೇಳುವುದಿಲ್ಲ.

ಆದರೆ ಆಯ್ಕೆ ಶುರುವಾಗಬೇಕಾದದ್ದು ಅಲ್ಲಿಂದಲೇ. ಕಂಪ್ಯೂಟರ್ ಬಿಚ್ಚಿ ಜೋಡಿಸುವ, ಕಚೇರಿಯಲ್ಲಿ ಯಾರದೋ ಪ್ರಿಂಟರ್ ನಿಂತರೆ ಹೋಗಿ ಸರಿಮಾಡುವ ಕೆಲಸಕ್ಕೆ ಕಾಂಪ್‌ಟಿಯಾದ ಎ ಪ್ಲಸ್ ಇದೆ; ಅದರಲ್ಲಿ ಎರಡು ಪರೀಕ್ಷೆಗಳು. ಸ್ವಿಚ್ಚು, ರೌಟರು, ಕೇಬಲ್ಲುಗಳ ಕೆಲಸಕ್ಕೆ ಸಿಸ್ಕೋದ ಸಿಸಿಎನ್‌ಎ. ಲಿನಕ್ಸ್ ಸರ್ವರುಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ರೆಡ್ ಹ್ಯಾಟ್‌ನ ಆರ್‌ಎಚ್‌ಸಿಎಸ್‌ಎ. ಈ ಕೊನೆಯದರಲ್ಲಿ ನಾಲ್ಕು ಉತ್ತರ ಕೊಟ್ಟು ಒಂದಕ್ಕೆ ಗುರುತು ಹಾಕಿಸುವ ಪದ್ಧತಿಯೇ ಇಲ್ಲ. ಕಂಪ್ಯೂಟರಿನ ಮುಂದೆ ಕೂತು ಕೆಲಸವನ್ನೇ ಮಾಡಿ ತೋರಿಸಬೇಕು. ಇನ್ನು ಎಲ್ಲ ಫ್ಲೆಕ್ಸುಗಳಲ್ಲೂ ಮೆರೆಯುವ ಎಡಬ್ಲ್ಯುಎಸ್ ಕ್ಲೌಡ್ ಪ್ರಾಕ್ಟೀಷನರ್ ಬುನಾದಿ ಮಟ್ಟದ ಪರೀಕ್ಷೆ: 90 ನಿಮಿಷ, 65 ಪ್ರಶ್ನೆ, 100 ಡಾಲರ್. ಐಟಿಯ ಹಿನ್ನೆಲೆಯಿಲ್ಲದವರೂ ಬರೆಯಬಹುದೆಂದು ಕಂಪೆನಿಯೇ ಹೇಳುವ ಈ ಪರೀಕ್ಷೆಯನ್ನು ನಮ್ಮ ಅಂಗಡಿಗಳು ಇಂಜಿನಿಯರ್ ಹುದ್ದೆಯ ಟಿಕೇಟೆಂದು ಮಾರುತ್ತವೆ.

ಈ ಕಾಗದಗಳಿಗೆ ಆಯುಸ್ಸಿದೆ ಎಂಬುದನ್ನೂ ಅಂಗಡಿಯವರು ಹೇಳುವುದಿಲ್ಲ. ಸಿಸ್ಕೋ, ಎಡಬ್ಲ್ಯುಎಸ್, ರೆಡ್ ಹ್ಯಾಟ್‌ಗಳ ಸರ್ಟಿಫಿಕೇಟು ಮೂರು ವರ್ಷ ನಡೆಯುತ್ತದೆ. ಮೈಕ್ರೋಸಾಫ್ಟ್‌ನ ಅಜೂರ್ ಬುನಾದಿ ಪರೀಕ್ಷೆಗೆ ಅವಧಿಯಿಲ್ಲ. ಅದರ ಮೇಲಿನ ಮಟ್ಟದವನ್ನು ವರ್ಷಕ್ಕೊಮ್ಮೆ ನವೀಕರಿಸಬೇಕು, ಅದಕ್ಕೆ ಶುಲ್ಕವಿಲ್ಲ. ಒಂದು ಕಾಲದಲ್ಲಿ ಪ್ರತಿ ಪಟ್ಟಣದ ಬೋರ್ಡಿನಲ್ಲೂ ಇದ್ದ ಎಂಸಿಎಸ್‌ಇಯನ್ನು ಮೈಕ್ರೋಸಾಫ್ಟ್ 2021ರ ಜನವರಿ 31ಕ್ಕೆ ಮುಗಿಸಿತು. ಯಾವ ಅಂಗಡಿಯಾದರೂ ಇನ್ನೂ ಅದರ ಹೆಸರು ಹೇಳಿ ದುಡ್ಡು ಕೇಳಿದರೆ ಅಲ್ಲಿಂದ ಎದ್ದು ಬರುವುದೇ ಲೇಸು. ಸಿಸಿಎನ್‌ಎ ಪರೀಕ್ಷೆಗೆ 300 ಡಾಲರ್. ರೂಪಾಯಿ ಲೆಕ್ಕದಲ್ಲಿ ಇಪ್ಪತ್ತೈದು ಸಾವಿರ ದಾಟುತ್ತದೆ, ತೆರಿಗೆ ಬೇರೆ. ಫೇಲಾದರೆ ಪೂರ್ತಿ ಶುಲ್ಕ ಮತ್ತೊಮ್ಮೆ. ಸರ್ಕಾರ 2024ರ ಜನವರಿಯಲ್ಲಿ ಶುರು ಮಾಡಿದ ಯುವನಿಧಿಯಲ್ಲಿ ಪದವೀಧರ ನಿರುದ್ಯೋಗಿಗೆ ತಿಂಗಳಿಗೆ 3000 ರೂಪಾಯಿ. ಅಂದರೆ ಒಂದು ಪರೀಕ್ಷೆಗೆ ಸುಮಾರು ಒಂಬತ್ತು ತಿಂಗಳ ಭತ್ಯೆ. ಇಂಥ ದುಡ್ಡನ್ನು ಕಣ್ಣುಮುಚ್ಚಿ ಕಟ್ಟಿಸುವುದು ವ್ಯಾಪಾರವಲ್ಲ, ಸುಲಿಗೆ.

ಇನ್ನೊಂದು ಸಣ್ಣ ಸಂಗತಿ. ಪರೀಕ್ಷೆಗೆ ನೋಂದಾಯಿಸಿದ ಹೆಸರೂ ಗುರುತಿನ ಚೀಟಿಯ ಹೆಸರೂ ಒಂದೇ ಆಗಿರಬೇಕು. ನಮ್ಮ ಮಕ್ಕಳ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಮಹಮ್ಮದ್’, ಆಧಾರಿನಲ್ಲಿ ‘ಎಂಡಿ’, ಪಾಸ್‌ಪೋರ್ಟಿನಲ್ಲಿ ‘ಮೊಹಮ್ಮದ್’ ಎಂದಿರುವುದು ಮಾಮೂಲು. ಶುಲ್ಕ ಕಟ್ಟಿದ ಮೇಲೆ ಬಾಗಿಲಲ್ಲೇ ತಡೆಯಿಸಿಕೊಳ್ಳುವುದಕ್ಕಿಂತ ಇದನ್ನು ಮೊದಲೇ ಸರಿಮಾಡಿಸುವುದು ಒಳ್ಳೆಯದು. ಇಷ್ಟನ್ನು ಹೇಳಿಕೊಡುವ ಒಬ್ಬ ಮನುಷ್ಯ ತಾಲೂಕಿಗೊಬ್ಬ ಇಲ್ಲವಲ್ಲ!

ಎರಡನೆಯದು ಇದಕ್ಕಿಂತ ಕೆಟ್ಟ ಪಿಡುಗು. ಪೇಟೆಯಲ್ಲಿ ಅದಕ್ಕೆ ‘ಡಂಪ್’ ಎನ್ನುತ್ತಾರೆ. ನಿಜವಾದ ಪರೀಕ್ಷೆಯಿಂದ ಕದ್ದ ಪ್ರಶ್ನೆಗಳು ಉತ್ತರಸಮೇತ ಕಡತವಾಗಿ ಕೈಯಿಂದ ಕೈಗೆ ಹೋಗುತ್ತವೆ. ಹುಡುಗರು ಅದನ್ನು ಹದಿನೈದು ದಿನ ಬಾಯಿಪಾಠ ಮಾಡಿ ಪಾಸಾಗುತ್ತಾರೆ. ಕೆಲವು ತರಬೇತಿ ಕೇಂದ್ರಗಳು ಪಾಠ ಬಿಟ್ಟು ಇದನ್ನೇ ಕೊಡುತ್ತವೆ. ಕಳೆದ ಶತಮಾನದ ಕೊನೆಯಲ್ಲಿ ಎಂಸಿಎಸ್‌ಇಗೆ ಇದೇ ಗತಿ ಬಂದು, ‘ಕಾಗದದ ಎಂಸಿಎಸ್‌ಇ’ ಎಂಬ ಬೈಗುಳವೇ ಹುಟ್ಟಿಕೊಂಡಿತ್ತು. ಸಿಕ್ಕಿಬಿದ್ದರೆ ಸರ್ಟಿಫಿಕೇಟು ರದ್ದಾಗುತ್ತದೆ. ಸಿಕ್ಕಿಬೀಳದಿದ್ದರೂ ಸಂದರ್ಶನದ ಮೂರನೇ ಪ್ರಶ್ನೆಗೆ ಬಣ್ಣ ಬಯಲಾಗುತ್ತದೆ. ಐಪಿ ವಿಳಾಸಗಳನ್ನು ಸಬ್‌ನೆಟ್‌ಗಳಾಗಿ ವಿಂಗಡಿಸು ಎಂದು ಬಿಳಿಯ ಹಲಗೆಯ ಮುಂದೆ ನಿಲ್ಲಿಸಿದಾಗ ಬಾಯಿಪಾಠ ನೆರವಿಗೆ ಬರುವುದಿಲ್ಲ.

ದೊಡ್ಡವರು ಕೋಟಿಗಟ್ಟಲೆ ನುಂಗುತ್ತಾರೆ, ಬಡವನ ಮಗ ನಾಲ್ಕು ಉತ್ತರ ಕದ್ದರೆ ಏನಾಯಿತು ಎಂದು ವಾದಿಸುವವರಿದ್ದಾರೆ. ನಾವು ಈ ವಾದವನ್ನು ಒಪ್ಪುವುದಿಲ್ಲ. ದೊಡ್ಡ ಕಾಲೇಜಿನ ಹುಡುಗ ಸಂದರ್ಶನದಲ್ಲಿ ಸೋತರೆ ಅವನೊಬ್ಬ ಸೋತ. ನಮ್ಮ ಹುಡುಗ ಸೋತರೆ, ಈ ಕಡೆಯವರ ಕಾಗದವೇ ಇಷ್ಟು ಎಂಬ ಮಾತು ಆ ಕೋಣೆಯಲ್ಲಿ ಉಳಿದುಬಿಡುತ್ತದೆ. ಮರುವರ್ಷ ಅದೇ ಊರಿನಿಂದ, ಅಂಥದೇ ಹೆಸರು ಹೊತ್ತು, ರಾತ್ರಿಯೆಲ್ಲ ಕೂತು ನಿಜವಾಗಿ ಕಲಿತ ಹುಡುಗಿ ಬಂದಾಗ ಅವಳ ಸನದನ್ನೂ ಅನುಮಾನದಿಂದ ನೋಡುತ್ತಾರೆ. ಕದ್ದವನು ಕಂಪೆನಿಯಿಂದ ಕದ್ದೆನೆಂದು ತಿಳಿದಿದ್ದಾನೆ. ಅವನು ಕದ್ದದ್ದು ತನ್ನ ತಂಗಿಯಿಂದ.

ಮೂರನೆಯ ಮಾತು ಭಾಷೆಯದು. ಸಿಸಿಎನ್‌ಎ ಪರೀಕ್ಷೆ ಇಂಗ್ಲಿಷಿನಲ್ಲಿದೆ, ಜಪಾನಿಯಲ್ಲಿದೆ. ಎಡಬ್ಲ್ಯುಎಸ್‌ನ ಕ್ಲೌಡ್ ಪ್ರಾಕ್ಟೀಷನರ್ ಕೊರಿಯನ್, ಇಂಡೋನೇಷ್ಯಾದ ಭಾಷೆಗಳಲ್ಲೂ ಇದೆ. ಕನ್ನಡದಲ್ಲಿ ಇಲ್ಲ, ಉರ್ದುವಿನಲ್ಲಿ ಇಲ್ಲ, ಹಿಂದಿಯಲ್ಲೂ ಇಲ್ಲ. ಬೆಂಗಳೂರನ್ನು ಐಟಿ ರಾಜಧಾನಿ ಎಂದು ಹೊಗಳುವವರು ಆ ಬೆಂಗಳೂರಿನ ಭಾಷೆಯಲ್ಲಿ ಒಂದು ಪರೀಕ್ಷೆಯನ್ನಾದರೂ ನಡೆಸಿ ಎಂದು ಈ ಕಂಪೆನಿಗಳನ್ನು ಗಟ್ಟಿಯಾಗಿ ಕೇಳಬೇಡವೇ? ಕನ್ನಡದ ಹೆಸರಿನಲ್ಲಿ ಅಂಗಡಿ ಬೋರ್ಡಿಗೆ ಮಸಿ ಬಳಿಯುವವರಿಗೂ, ಉರ್ದುವಿನ ಹೆಸರಿನಲ್ಲಿ ಮುಷಾಯಿರಾ ನಡೆಸುವವರಿಗೂ ಈ ಪ್ರಶ್ನೆ ಇನ್ನೂ ಹೊಳೆದಂತಿಲ್ಲ.

ಅಲ್ಲಿಯವರೆಗೆ ಕಾಯುತ್ತ ಕೂರಬೇಕಾಗಿಲ್ಲ. ಪರೀಕ್ಷೆಯ ಭಾಷೆ ಇಂಗ್ಲಿಷಾದರೂ ಅರ್ಥ ಮಾಡಿಕೊಳ್ಳುವ ಭಾಷೆ ನಮ್ಮದೇ ಆಗಬಹುದು. ಮುಂಬೈ ಐಐಟಿಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಲಿನಕ್ಸ್ ಮೊದಲಾದ ಪಾಠಗಳು ಕನ್ನಡದಲ್ಲೇ ಪುಕ್ಕಟೆಯಾಗಿವೆ. ಐಐಟಿಗಳೂ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ನಡೆಸುವ ಎನ್‌ಪಿಟಿಇಎಲ್‌ನ ಪಾಠಗಳೂ ಪುಕ್ಕಟೆ. ಸಿಸ್ಕೋದ ಪ್ಯಾಕೆಟ್ ಟ್ರೇಸರ್ ಎಂಬ ತಂತ್ರಾಂಶವನ್ನು ಹಾಕಿಕೊಂಡರೆ ಒಂದು ರೌಟರನ್ನೂ ಕೊಳ್ಳದೆ ಇಡೀ ಕಚೇರಿಯ ಜಾಲವನ್ನು ಪರದೆಯ ಮೇಲೆ ಕಟ್ಟಿ, ಕೆಡಿಸಿ, ಮತ್ತೆ ಕಟ್ಟಬಹುದು. ಅದಕ್ಕೂ ದುಡ್ಡಿಲ್ಲ. ಇಂಗ್ಲಿಷ್ ಮನೆಮಾತಲ್ಲದವರು ಮೊದಲೇ ಕೇಳಿಕೊಂಡರೆ ಎಡಬ್ಲ್ಯುಎಸ್ ಪರೀಕ್ಷೆಯಲ್ಲಿ 30 ನಿಮಿಷ ಹೆಚ್ಚು ಸಿಗುತ್ತದೆ. ನಲವತ್ತು ಸಾವಿರ ಫೀಸು ತೆಗೆದುಕೊಂಡವರು ಈ ಅರ್ಧ ಗಂಟೆಯ ಸುದ್ದಿಯನ್ನಾದರೂ ಹೇಳಬಹುದಿತ್ತು.

ಹಾಗಾದರೆ ಕೊರತೆ ಯಾವುದರದು? ಕೂರುವ ಜಾಗದ್ದು, ಕಂಪ್ಯೂಟರಿನದು, ಪಕ್ಕದಲ್ಲಿ ಕೂತು ತಪ್ಪು ತೋರಿಸುವ ಉಸ್ತಾದರದು. ಎರಡು ಕೋಣೆಯ ಮನೆಯಲ್ಲಿ, ಮಗ್ಗದ ಸದ್ದಿನಲ್ಲಿ, ಒಂದು ಮೊಬೈಲಿನಲ್ಲಿ ಇದನ್ನು ಕಲಿಯಲಾಗದು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಬಸ್ ಚಾರ್ಜಿನ ನೆಪ ಹೋಯಿತು. ಹೋಗಿ ಕೂರುವ ಜಾಗ ಮಾತ್ರ ಇನ್ನೂ ಇಲ್ಲ. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಸಾಲ ಸಿಇಟಿ, ನೀಟ್ ಮೂಲಕ ವೃತ್ತಿಪರ ಪದವಿಗೆ ಸೇರಿದವರಿಗೆ. ಬಿಸಿಎ ಮುಗಿಸಿ ಒಂದು ಪರೀಕ್ಷೆಯ ಶುಲ್ಕಕ್ಕೆ ಪರದಾಡುವವರಿಗೂ ಅದು ವಿಸ್ತರಿಸಬೇಕು ಎಂದು ನಾವು ಒತ್ತಾಯಿಸುತ್ತೇವೆ.

ಸರ್ಕಾರದ ಕಡೆ ಬೆರಳು ತೋರಿಸಿ ಮುಗಿಸುವಂತಿಲ್ಲ. ನಮ್ಮ ಜಮಾತುಗಳು, ಅಂಜುಮನ್‌ಗಳು ಪ್ರತಿವರ್ಷ ಪ್ರತಿಭಾ ಪುರಸ್ಕಾರ ನಡೆಸುತ್ತವೆ. ಶಾಲು, ಸ್ಮರಣಿಕೆ, ಶಾಸಕರ ಭಾಷಣ, ಬಿರಿಯಾನಿ. ತೊಂಬತ್ತು ಅಂಕ ಪಡೆದವನಿಗೆ ಸನ್ಮಾನ. ಐವತ್ತೈದು ಪಡೆದು ದಾರಿ ಕಾಣದೆ ನಿಂತವನಿಗೆ ಏನೂ ಇಲ್ಲ. ಆ ಒಂದು ಸಂಜೆಯ ಖರ್ಚಿನಲ್ಲಿ ಬೆಂಗಳೂರಿನ ಎಸ್.ಪಿ. ರೋಡಿನಿಂದ ಹಳೆಯ ಕಂಪ್ಯೂಟರುಗಳನ್ನು ತಂದು ಒಂದು ಕೋಣೆಯಲ್ಲಿ ಜೋಡಿಸಬಹುದು. ವೈಟ್‌ಫೀಲ್ಡಿನಲ್ಲಿ, ಮಾನ್ಯತಾದಲ್ಲಿ ಈಗಾಗಲೇ ಕೆಲಸದಲ್ಲಿರುವ ನಮ್ಮ ಹುಡುಗರು ಭಾನುವಾರ ಎರಡು ಗಂಟೆ ಬಂದು ಕೂತರೆ ಉಸ್ತಾದರೂ ಸಿಕ್ಕಂತೆ. ಕೋಣೆಯ ಅರ್ಧ ಜಾಗ ಹೆಣ್ಣುಮಕ್ಕಳಿಗೆ. ಮುಸ್ಲಿಮರಿಗಷ್ಟೇ ಎಂಬ ಬೋರ್ಡು ಬೇಡ. ಪಕ್ಕದ ಬೀದಿಯ ನೇಕಾರರ ಮಗನೂ, ದಲಿತ ಕಾಲೋನಿಯ ಹುಡುಗಿಯೂ ಅದೇ ಗಾಜಿನ ಹೊರಗೆ ನಿಂತಿದ್ದಾರೆ. ಡಂಪ್ ತಂದವನನ್ನು ಅಂದೇ ಹೊರಗೆ ಕಳಿಸಬೇಕು. ನಾಲ್ಕು ತಿಂಗಳು ಕಲಿತು ಉಸ್ತಾದರ ಮುಂದೆ ಕೆಲಸ ಮಾಡಿ ತೋರಿಸಿದವರಿಗೆ ಪರೀಕ್ಷೆಯ ಶುಲ್ಕವನ್ನು ಸಮುದಾಯ ಕಟ್ಟಲಿ. ಕೆಲಸ ಸಿಕ್ಕ ಮೇಲೆ ಅವರು ಅದನ್ನು ಮುಂದಿನವರಿಗಾಗಿ ಹಿಂತಿರುಗಿಸಲಿ.

ಜಾಗ ಎಲ್ಲಿದೆ ಎಂದು ಕೇಳುವವರಿಗೆ ಉತ್ತರ ಅವರ ಕಣ್ಣೆದುರೇ ಇದೆ. ಸರ್ಕಾರದ ಅನುದಾನದಿಂದಲೂ ಜನರ ಚಂದಾದಿಂದಲೂ ಕಟ್ಟಿದ ಶಾದಿ ಮಹಲುಗಳು ಮದುವೆಯಿಲ್ಲದ ದಿನಗಳಲ್ಲಿ ಬೀಗ ಹಾಕಿಕೊಂಡು ನಿಂತಿವೆ. ಜಿಲ್ಲೆಯ ನಾಲ್ಕು ತಾಲೂಕುಗಳಲ್ಲಿ ನಾಲ್ಕು ಕೋಣೆ ಸಾಕು. ಆ ಬೀಗದ ಕೈ ಯಾರ ಜೇಬಿನಲ್ಲಿದೆಯೋ ಅವರು ಈಗ ಉತ್ತರ ಹೇಳಬೇಕು.