ರೋಗದ ಹೆಸರೂ ರೋಗದ ಅಂಕಿತವೂ

ಹೆಸರಿಡುವ ಕೆಲಸ ಕವಿಗೂ ವೈಯಾಕರಣನಿಗೂ ಮಾತ್ರ ಸೇರಿದ್ದೆಂದು ಭಾವಿಸುವವರುಂಟು. ವೈದ್ಯಶಾಸ್ತ್ರದ ಚರಿತ್ರೆಯನ್ನು ತುಸು ನೋಡಿದವರಲ್ಲಿ ಈ ಭಾವನೆ ನಿಲ್ಲದು. ಇಂದು ಲೋಕದ ಬಹುಭಾಗದ ಆಸ್ಪತ್ರೆಗಳಲ್ಲಿ ರೋಗದ ಹೆಸರಿನೊಡನೆ, ಅಕ್ಷರವೂ ಅಂಕೆಯೂ ಕೂಡಿದ ಒಂದು ಸಂಕೇತವನ್ನು ಬರೆದಿಡುತ್ತಾರೆ. ಇದು ಗುಮಾಸ್ತರ ಕೆಲಸ. ಸಾಹಿತ್ಯದ ವಿದ್ಯಾರ್ಥಿಗೆ ಇದರಿಂದೇನು ಎಂದು ವಾಚಕರು ಕೇಳಬಹುದು. ಇದೂ ಒಂದು ಭಾಷೆ, ಇದಕ್ಕೂ ಒಂದು ವ್ಯಾಕರಣವುಂಟು, ಆ ವ್ಯಾಕರಣದಲ್ಲಿ ಬಹುಕಾಲ ಒಂದು ಕೊರತೆಯಿದ್ದಿತು ಎಂಬುದೇ ನನ್ನ ಉತ್ತರ. ಒಂದೇ ಒಂದು ರೋಗವನ್ನು ತೆಗೆದುಕೊಂಡು ಇದನ್ನು ಪರಿಶೀಲಿಸೋಣ.

೧೮೮೯ರಲ್ಲಿ ಜರ್ಮನಿಯ ವೈದ್ಯ ಎಮಿಲ್ ಫೈಫರ್, ಜ್ವರದೊಡನೆ ಕತ್ತಿನ ಗ್ರಂಥಿಗಳು ಊದಿಕೊಳ್ಳುವ ಒಂದು ರೋಗವನ್ನು ವರ್ಣಿಸಿ ಅದನ್ನು 'ಗ್ರಂಥಿಜ್ವರ' ಎಂದು ಕರೆದನು. ೧೯೨೦ರಲ್ಲಿ ಅಮೆರಿಕದ ಸ್ಪ್ರಂಟ್ ಮತ್ತು ಇವಾನ್ಸ್ ಎಂಬಿಬ್ಬರು, ರೋಗಿಗಳ ರಕ್ತದಲ್ಲಿ ಏಕಕೇಂದ್ರದ ಬಿಳಿಯ ಕಣಗಳು ಹೆಚ್ಚಿರುವುದನ್ನು ಕಂಡು 'ಇನ್‌ಫೆಕ್ಷಿಯಸ್ ಮಾನೋನ್ಯೂಕ್ಲಿಯೋಸಿಸ್' ಎಂಬ ಹೆಸರನ್ನು ಕೊಟ್ಟರು. ಎಂಜಲಿನ ಮೂಲಕ ಹರಡುವುದರಿಂದ ಅದಕ್ಕೆ 'ಚುಂಬನರೋಗ'ವೆಂಬ ಹೆಸರೂ ಬಂದಿತು. ೧೯೬೪ರಲ್ಲಿ ಎಪ್‌ಸ್ಟೈನ್, ಅಚಾಂಗ್, ಬಾರ್ ಎಂಬವರು ಆಫ್ರಿಕದ ಮಕ್ಕಳಿಗೆ ಬರುವ ಒಂದು ಬಗೆಯ ಗಡ್ಡೆಯ ಕಣಗಳಲ್ಲಿ ಹೊಸದೊಂದು ವೈರಸ್ಸನ್ನು ಕಂಡರು. ಗ್ರಂಥಿಜ್ವರಕ್ಕೂ ಅದೇ ಕಾರಣವೆಂಬುದನ್ನು ೧೯೬೮ರಲ್ಲಿ ಫಿಲಡೆಲ್ಫಿಯದ ಹೆನ್ಲೆ ದಂಪತಿಗಳು ತೋರಿಸಿಕೊಟ್ಟರು. ಒಬ್ಬರು ಕತ್ತನ್ನು ನೋಡಿ ಹೆಸರಿಟ್ಟರು, ಒಬ್ಬರು ರಕ್ತವನ್ನು ನೋಡಿ, ಮತ್ತೊಬ್ಬರು ನಡತೆಯನ್ನು ನೋಡಿ. ಮೂರೂ ಅನ್ವರ್ಥನಾಮಗಳೇ.

ಒಂದು ವಸ್ತುವಿಗೆ ಮೂರು ಅನ್ವರ್ಥನಾಮಗಳಿದ್ದರೆ ಕಾವ್ಯಕ್ಕೆ ಲಾಭ, ಗಣನೆಗೆ ನಷ್ಟ. ಒಂದು ರೋಗಕ್ಕೆ ಹಲವು ಹೆಸರು, ಒಂದು ಹೆಸರಿಗೆ ಹಲವು ರೋಗ ಎಂಬ ಈ ಗೊಂದಲವನ್ನು ಇಂಗ್ಲೆಂಡಿನ ವಿಲಿಯಂ ಫಾರ್ ೧೮೩೯ರಷ್ಟು ಹಿಂದೆಯೇ ಎತ್ತಿ ಹೇಳಿದ್ದನು. ೧೮೯೩ರಲ್ಲಿ ಫ್ರಾನ್ಸಿನ ಬರ್ಟಿಲಾನ್ ಮರಣಕಾರಣಗಳ ಒಂದು ಪಟ್ಟಿಯನ್ನು ಷಿಕಾಗೋ ನಗರದ ಸಭೆಯೊಂದರ ಮುಂದಿಟ್ಟನು. ಅದು ಪರಿಷ್ಕಾರಗೊಳ್ಳುತ್ತ ಬಂದು, ೧೯೪೮ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕೈಸೇರಿತು. ೧೯೯೦ರಲ್ಲಿ ಅಂಗೀಕೃತವಾದ ಹತ್ತನೆಯ ಪರಿಷ್ಕಾರದಲ್ಲಿ ನಮ್ಮ ಗ್ರಂಥಿಜ್ವರಕ್ಕೆ ದೊರೆತ ಸಂಕೇತ 'ಬಿ ೨೭'. ಅನ್ವರ್ಥನಾಮಗಳ ಜಗಳವನ್ನು ಈ ಅಂಕಿತನಾಮವು ತೀರಿಸಿತು. ಯಾವ ಭಾಷೆಯ ವೈದ್ಯನು ಯಾವ ಹೆಸರಿನಿಂದ ಕರೆದರೂ ಎಣಿಸುವವನಿಗೆ ರೋಗವೊಂದೇ. ಇದು ಅಲ್ಪ ಸಾಧನೆಯಲ್ಲ.

ಈ ಪಟ್ಟಿಯಲ್ಲಿ ನನಗೆ ಬಹಳ ಮೆಚ್ಚುಗೆಯಾದುದು 'ಬಿ ೨೭.೯' ಎಂಬುದು. ರೋಗ ಇದೇ, ಆದರೆ ಯಾವ ವೈರಸ್ಸಿನಿಂದ ಬಂದುದೆಂದು ನಿರ್ದಿಷ್ಟವಾಗಿಲ್ಲ ಎಂದು ಅದರ ಅರ್ಥ. ತಿಳಿದಷ್ಟನ್ನು ಹೇಳಿ ತಿಳಿಯದ ಕಡೆ ನಿಲ್ಲುವುದು ವಿದ್ವತ್ತಿನ ಲಕ್ಷಣ. ಅಂತಹ ನಿಲುಗಡೆಗೂ ಒಂದು ಮನೆ ಕಟ್ಟಿಕೊಟ್ಟ ಪಟ್ಟಿಕಾರರು ವಿವೇಕಿಗಳೇ ಸರಿ.

ಆದರೆ ಕಾರಣ ತಿಳಿಯದಿರುವುದು ಬೇರೆ, ರೋಗವೇ ಹೌದೋ ಅಲ್ಲವೋ ಎಂಬ ಸಂಶಯ ಬೇರೆ. ಈ ರೋಗದಲ್ಲಿ ಅಂತಹ ಸಂಶಯ ಸಹಜ. ಮೊದಲ ವಾರದಲ್ಲಿ ಸಾಮಾನ್ಯವಾಗಿ ಮಾಡುವ ರಕ್ತಪರೀಕ್ಷೆಯು ರೋಗವಿದ್ದೂ ಇಲ್ಲವೆನ್ನುವುದುಂಟು. ಆಗ ವೈದ್ಯನು ಪ್ರಾಮಾಣಿಕವಾಗಿ ಹೇಳಬಹುದಾದ ಮಾತು 'ಇದ್ದೀತು' ಎಂಬುದೊಂದೇ. 'ಬಂದಾನು', 'ಇದ್ದೀತು' ಎಂಬ ಸಂಭಾವನಾರ್ಥಕ ರೂಪಗಳು ನಮ್ಮ ವ್ಯಾಕರಣದಲ್ಲಿವೆ. ಹತ್ತನೆಯ ಪರಿಷ್ಕಾರದ ಸಂಕೇತಕ್ಕೆ ಆ ರೂಪವಿಲ್ಲ. ಅದಕ್ಕೆ ಗೊತ್ತಿರುವುದು 'ಇದೆ' ಎಂಬುದು ಮಾತ್ರ.

ಇದರ ಫಲವನ್ನು ಅಮೆರಿಕದ ನಿಯಮಗಳಲ್ಲಿ ಕಾಣಬಹುದು. ಬಂದು ತೋರಿಸಿಕೊಂಡು ಹೋಗುವ ಹೊರರೋಗಿಯ ವಿಷಯದಲ್ಲಿ ವೈದ್ಯನು 'ಇದ್ದೀತು' ಎಂದು ಬರೆದರೆ ರೋಗದ ಸಂಕೇತವನ್ನು ಹಾಕಕೂಡದು. ಜ್ವರ, ಗಂಟಲುನೋವು ಎಂದು ಲಕ್ಷಣಗಳನ್ನಷ್ಟೇ ಸಂಕೇತಿಸಬೇಕು. ಒಳಗೆ ಮಲಗಿದ್ದ ರೋಗಿಯು ಮನೆಗೆ ಹೊರಡುವಾಗ ಅದೇ 'ಇದ್ದೀತು' ಎಂದಿದ್ದರೆ, ರೋಗವು ಇದೆಯೆಂದೇ ಸಂಕೇತಿಸಬೇಕು. ನಡೆದ ಪರೀಕ್ಷೆಯೂ ಚಿಕಿತ್ಸೆಯೂ ಆ ರೋಗಕ್ಕೆ ತಕ್ಕವಾಗಿದ್ದವೆಂಬುದು ಇದಕ್ಕೆ ಆಧಾರ. ಲೆಕ್ಕಕ್ಕೆ ಇದು ಸರಿಯಿರಬಹುದು. ಭಾಷೆಯ ದೃಷ್ಟಿಯಿಂದಲಾದರೋ ಒಂದೇ ಕ್ರಿಯಾಪದವು ಹೊರಗೆ ಲೋಪವಾಗುತ್ತದೆ, ಒಳಗೆ ನಿಶ್ಚಯವಾಗುತ್ತದೆ. ಎರಡು ಕಡೆಯೂ ಸಂಶಯವು ಸಾಯುತ್ತದೆ.

ಸತ್ತರೇನಾಯಿತು ಎನ್ನುವಿರಾದರೆ, ಈ ರೋಗವು ಎದ್ದು ಕಾಣುವುದು ಹೆಚ್ಚಾಗಿ ಕಾಲೇಜಿನ ವಯಸ್ಸಿನವರಲ್ಲಿ ಎಂಬುದನ್ನು ನೆನೆಯಬೇಕು. ಗಂಟಲುನೋವೆಂದು ಮಾತ್ರ ದಾಖಲಾದ ಹುಡುಗನೊಬ್ಬನಿಗೆ ಮುಂದೆ ನೋಡಿದ ವೈದ್ಯನು ಅಮಾಕ್ಸಿಸಿಲಿನ್ ಕೊಟ್ಟನೆಂದು ಭಾವಿಸೋಣ. ಗ್ರಂಥಿಜ್ವರವಿದ್ದವರಿಗೆ ಆ ಔಷಧದಿಂದ ಮೈತುಂಬ ಕೆಂಪುಗುಳ್ಳೆಗಳೇಳುವುದುಂಟು. ಬಹುಮಟ್ಟಿಗೆ ಅದು ನಿಜವಾದ ಅಲರ್ಜಿಯಲ್ಲ. ಆದರೆ 'ಪೆನಿಸಿಲಿನ್ ಅಲರ್ಜಿ' ಎಂಬುದಕ್ಕೂ ಒಂದು ಸಂಕೇತವುಂಟು, 'ಜೆಡ್ ೮೮.೦'. ಒಮ್ಮೆ ಅದು ದಾಖಲೆಗೆ ಸೇರಿತೆಂದರೆ ಮುಂದೆ ನಿಜವಾಗಿ ಬೇಕಾದ ದಿನ ಆ ಉತ್ತಮ ಔಷಧವು ಅವನಿಗೆ ದೊರೆಯದೆ ಹೋಗಬಹುದು. ಇನ್ನು ಗುಲ್ಮವು ಊದಿರುವಾಗ ಮೈಗೆ ಮೈ ತಾಕುವ ಆಟ ಅಪಾಯಕರ. ಪೆಟ್ಟು ಬಿದ್ದರೆ ಅದು ಒಡೆಯಬಹುದು. 'ಇದ್ದೀತು' ಎಂಬ ಮಾತು ಉಳಿದಿದ್ದರೆ ಮುಂದಿನ ವೈದ್ಯನು ಈ ಎರಡು ಕಡೆಯೂ ಕೈತಡೆಯುತ್ತಿದ್ದನು.

೨೦೨೨ರಲ್ಲಿ ಜಾರಿಗೆ ಬಂದ ಹನ್ನೊಂದನೆಯ ಪರಿಷ್ಕಾರವು ಈ ಕೊರತೆಯನ್ನು ಮನಗಂಡಿದೆ. ಮೂಲ ಸಂಕೇತದ ಹಿಂದೆ ಪ್ರತ್ಯಯದಂತೆ ಮತ್ತೊಂದನ್ನು ಹಚ್ಚಿ, ನಿರ್ಣಯವು ತಾತ್ಕಾಲಿಕವೆಂದು ಸೂಚಿಸಲು ಅಲ್ಲಿ ಅವಕಾಶವಿದೆ. ಪಟ್ಟಿಗೆ ಕಡೆಗೂ ಸಂಭಾವನಾರ್ಥ ಬಂದಿತು ಎನ್ನಬೇಕು. ಆದರೆ ಆ ಪ್ರತ್ಯಯವು ಕಡ್ಡಾಯವಲ್ಲ. ಅಮೆರಿಕವೂ ಸೇರಿ ಹಲವು ದೇಶಗಳು ಇನ್ನೂ ಹತ್ತನೆಯದರ ದಾರಿಯಲ್ಲೇ ಇವೆ. ವ್ಯಾಕರಣದಲ್ಲಿ ರೂಪವಿದ್ದ ಮಾತ್ರಕ್ಕೆ ಬಳಕೆಯಲ್ಲಿ ಬಂದೀತೆಂದು ಹೇಳಲಾಗದು.

ಆದುದರಿಂದ ನನ್ನ ಅಭಿಪ್ರಾಯವಿಷ್ಟು. ಸಂಕೇತವಿರಲಿ, ಅದಿಲ್ಲದೆ ಲೋಕದ ರೋಗಗಳನ್ನು ಎಣಿಸಲಾಗದು. ಆದರೆ ವೈದ್ಯನು ಬರೆದ ವಾಕ್ಯವೂ ಸಂಕೇತದ ಜೊತೆಯಲ್ಲೇ ಸಾಗಬೇಕು; ಸಂಶಯ ಬಂದಾಗ ಸಂಕೇತ ಹಾಕುವವನು ವೈದ್ಯನನ್ನು ಕೇಳುವ ಹಕ್ಕುಳ್ಳವನಾಗಿರಬೇಕು; ಹನ್ನೊಂದನೆಯದನ್ನು ಒಪ್ಪುವ ದೇಶಗಳು ಆ ಚಿಕ್ಕ ಪ್ರತ್ಯಯವನ್ನು ಅಲಂಕಾರವೆಂದು ಬಿಡಬಾರದು. ಭಾಷೆಯನ್ನು ಕಲಿಸುವ ನಮಗೂ ಇದರಲ್ಲಿ ಒಂದು ಪಾಲುಂಟು. 'ಇದೆ', 'ಇಲ್ಲ', 'ಇದ್ದೀತು' ಎಂಬ ಮೂರನ್ನು ಬೇರೆಬೇರೆಯಾಗಿ, ತಕ್ಕ ಕಡೆ ತಕ್ಕದ್ದನ್ನು ಬರೆಯಬಲ್ಲ ವಿದ್ಯಾರ್ಥಿಯು ಮುಂದೆ ವೈದ್ಯನಾದರೂ ಗುಮಾಸ್ತನಾದರೂ ಯಾರದೋ ದೇಹಕ್ಕೆ ಉಪಕಾರ ಮಾಡುತ್ತಾನೆ.