ಬೆಂಗಳೂರು ತಂಡದ ತವರುಮನೆ ಪುಣೆಯಂತೆ!



2019ರ ಜನವರಿ 5ರ ರಾತ್ರಿಯನ್ನು ಕಬಡ್ಡಿ ಹುಚ್ಚಿನ ಕನ್ನಡಿಗರು ಯಾರೂ ಮರೆತಿರಲಾರರು. ಮುಂಬಯಿಯಲ್ಲಿ ಪ್ರೊ ಕಬಡ್ಡಿಯ ಆರನೇ ಸೀಸನ್ನಿನ ಫೈನಲ್. ಮೊದಲರ್ಧ ಮುಗಿದಾಗ ಗುಜರಾತಿನವರು ಮುಂದಿದ್ದರು. ಇಡೀ ಪಂದ್ಯದಲ್ಲಿ ಪವನ್ ಸೆಹ್ರಾವತ್ ಎಂಬ ಹುಡುಗ ಒಬ್ಬನೇ 22 ಅಂಕ ಕಿತ್ತು ತಂದ. 38-33ರಲ್ಲಿ ಬೆಂಗಳೂರು ಬುಲ್ಸ್ ಮೊದಲ ಬಾರಿಗೆ ಕಪ್ ಎತ್ತಿತು. ಸಾಗರದಲ್ಲಿ ನಮ್ಮ ಪ್ರೆಸ್ಸಿನ ಎದುರಿನ ಹೋಟೆಲಿನ ಟೀವಿ ಮುಂದೆ ನಿಂತು ಕೂಗಿದವರಲ್ಲಿ ನಾನೂ ಒಬ್ಬ. ಮರುದಿನ ಗಂಟಲು ಕಟ್ಟಿ ಗಿರಾಕಿಗಳ ಹತ್ತಿರ ಕೈಸನ್ನೆಯಲ್ಲೇ ವ್ಯಾಪಾರ ಮಾಡಬೇಕಾಯಿತು.

ಕೂಗಿದ್ದಕ್ಕೆ ಈಗಲೂ ಪಶ್ಚಾತ್ತಾಪವಿಲ್ಲ. ಆದರೆ ಆ ಕಪ್ಪಿನ ಹಿಂದಿನ ಒಂದು ಸಂಗತಿ ಗಂಟಲಲ್ಲಿ ಮುಳ್ಳಿನ ಹಾಗೆ ಸಿಕ್ಕಿಕೊಂಡಿದೆ. ಅದೇ ಸೀಸನ್ನಿನಲ್ಲಿ ನಮ್ಮ ಬುಲ್ಸ್ ತಂಡ ತನ್ನ ‘ತವರು’ ಪಂದ್ಯಗಳನ್ನು ಆಡಿದ್ದು ಎಲ್ಲಿ? ಕಂಠೀರವದಲ್ಲಲ್ಲ. ಪುಣೆಯ ಬಾಳೇವಾಡಿಯಲ್ಲಿ! ಅದಕ್ಕೂ ಹಿಂದಿನ ವರ್ಷ, 2017ರಲ್ಲಿ? ನಾಗಪುರದಲ್ಲಿ! ಬೆಂಗಳೂರಿನ ಹೆಸರು ಎದೆಯ ಮೇಲೆ ಬರೆದುಕೊಂಡ ತಂಡ ಎರಡು ವರ್ಷ ತವರುಮನೆ ಎಂದು ಹೋಗಿ ಕೂತದ್ದು ಮಹಾರಾಷ್ಟ್ರದಲ್ಲಿ. ಗೂಳಿ ನಮ್ಮದು, ಕೊಟ್ಟಿಗೆ ಪಕ್ಕದ ಮನೆಯವರದು.

ಬೆಳಗಾವಿಯ ಒಂದು ಗಲ್ಲಿಯ ಫಲಕಕ್ಕೂ ಜಗಳ ತೆಗೆಯುವವರು ಗಡಿಯಾಚೆ ಇದ್ದಾರೆ. 1967ರಲ್ಲಿ ಬಂದ ಮಹಾಜನ ವರದಿಯನ್ನು ಇವತ್ತಿಗೂ ಒಪ್ಪದವರು ಅವರು. ನಾವೋ, ರಾಜಧಾನಿಯ ಹೆಸರಿನ ಆಟದಂಗಳವನ್ನೇ ಎರಡು ವರ್ಷ ಅವರ ರಾಜ್ಯಕ್ಕೆ ಬಿಟ್ಟುಕೊಟ್ಟು ಸುಮ್ಮನಿದ್ದೆವು. ಪುಣೆಯ ಪ್ರೇಕ್ಷಕರ ಮೇಲೆ ನನಗೆ ಒಂದು ಚೂರೂ ಸಿಟ್ಟಿಲ್ಲ. ಅವರು ತಮ್ಮ ತಂಡಕ್ಕೆ ‘ಪುಣೇರಿ ಪಲ್ಟನ್’ ಎಂದು ಮರಾಠಿ ಗತ್ತಿನಲ್ಲಿ ಹೆಸರಿಟ್ಟುಕೊಂಡಿದ್ದಾರೆ, ತಮ್ಮ ಊರಲ್ಲಿ ಕೂತು ಆಟ ನೋಡಿದ್ದಾರೆ. ಸಿಟ್ಟು ನಮ್ಮವರ ಮೇಲೆ. ಕಂಠೀರವ ಸಿಗಲಿಲ್ಲ ಎಂದರಂತೆ. ಕರ್ನಾಟಕದಲ್ಲಿ ಸೂರು ಇರುವ ಅಂಗಳ ಇರುವುದು ಅದೊಂದೇನಾ? ಕಬಡ್ಡಿ ಗಂಡಸರ ಅಂಗಳ ಎಂದರೆ 13 ಮೀಟರ್ ಉದ್ದ, 10 ಮೀಟರ್ ಅಗಲ. ಸುರುಳಿ ಸುತ್ತಿ ಲಾರಿಗೆ ಹೇರುವ ಮ್ಯಾಟು. ನಮ್ಮ ಹೊಸನಗರ, ತೀರ್ಥಹಳ್ಳಿ ಕಡೆಯ ಹಳ್ಳಿ ಪಂದ್ಯಾವಳಿಗಳಿಗೇ ಬಾಡಿಗೆ ಮ್ಯಾಟು ಘಟ್ಟದ ತಿರುವು ಹತ್ತಿ ಬರುತ್ತದೆ ಮಾರಾಯರೆ! ಮೈಸೂರಿಗೆ, ಹುಬ್ಬಳ್ಳಿಗೆ, ಮಂಗಳೂರಿಗೆ ಬರುವುದಿಲ್ಲವೇ?

2019ರಲ್ಲಿ ಕಪ್ ಗೆದ್ದ ತಂಡ ಕಂಠೀರವಕ್ಕೆ ವಾಪಸು ಬಂತು, ಸಂತೋಷ. ಆಮೇಲೆ ಕೊರೊನಾ ಬಂತು. 2021ರ ಡಿಸೆಂಬರಿನಿಂದ 2022ರ ಫೆಬ್ರವರಿವರೆಗೆ ಇಡೀ ಸೀಸನ್ನು ಬೆಂಗಳೂರಿನಲ್ಲೇ ನಡೆಯಿತು. ಎಲ್ಲಿ? ವೈಟ್‌ಫೀಲ್ಡಿನ ಹೋಟೆಲೊಂದರ ಒಳಗೆ, ಒಬ್ಬ ಪ್ರೇಕ್ಷಕನೂ ಇಲ್ಲದೆ. ರೋಗದ ಕಾಲ, ಅದಕ್ಕೆ ಯಾರನ್ನೂ ದೂರುವುದಿಲ್ಲ. 2024ರ ಸೀಸನ್ನಿಗೆ ಯಾವ ರೋಗ ಬಂದಿತ್ತು? ಹೈದರಾಬಾದ್, ನೋಯ್ಡಾ, ಪುಣೆ, ಮೂರೇ ಊರು. 2025ರಲ್ಲಿ ವಿಶಾಖಪಟ್ಟಣ, ಜೈಪುರ, ಚೆನ್ನೈ, ದೆಹಲಿ. ಬೆಂಗಳೂರು ಪಟ್ಟಿಯಲ್ಲೇ ಇಲ್ಲ. 2024ರಲ್ಲಿ ತಂಡ ಹನ್ನೆರಡರಲ್ಲಿ ಹನ್ನೆರಡನೆಯದಾಯಿತು. ಮನೆಯಿಲ್ಲದವರು ಇನ್ನೆಷ್ಟನೆಯವರಾಗುತ್ತಾರೆ?

ಈ ವಿಷಯ ನನ್ನ ತಲೆಯಲ್ಲಿ ಕೊರೆಯಲು ಹಿಡಿದದ್ದು ಒಂದು ಮದುವೆ ಕಾಗದದಿಂದ. ಜರ್ಮನಿಯಲ್ಲಿ ಕೆಲಸದಲ್ಲಿರುವ ನಮ್ಮ ಕಡೆಯ ಹುಡುಗನೊಬ್ಬ ತನ್ನ ಮದುವೆಯ ಆಮಂತ್ರಣ ಅಚ್ಚು ಹಾಕಿಸಲು ಬಂದಿದ್ದ. (ಇಂಗ್ಲಿಷಿನಲ್ಲಿ! ಜಗಳವಾಡಿ ಒಂದು ಮಗ್ಗುಲು ಕನ್ನಡ ಹಾಕಿಸಿದೆ.) ಪ್ರೂಫು ನೋಡುತ್ತಾ ಕೂತವನು ಯುರೋಪಿನ ಬಾಸ್ಕೆಟ್‌ಬಾಲ್ ಕತೆ ತೆಗೆದ. ಲಿಥುವೇನಿಯಾ ಎಂಬ ದೇಶ. ಜನಸಂಖ್ಯೆ ಸುಮಾರು 29 ಲಕ್ಷ. 2011ರ ಜನಗಣತಿಯಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆಯೊಂದೇ 17 ಲಕ್ಷ ದಾಟಿತ್ತು, ಅಂಥ ಎರಡು ಜಿಲ್ಲೆಯಷ್ಟೂ ಇಲ್ಲ. ಅಲ್ಲಿ ಕೌನಸ್ ಎಂಬ ಊರು, ಹೆಚ್ಚುಕಡಿಮೆ ಶಿವಮೊಗ್ಗ ನಗರದಷ್ಟೇ ಜನ. ಆ ಊರಿನ ತಂಡ ಝಲ್ಗಿರಿಸ್, 1998-99ರ ಸೀಸನ್ನಿನಲ್ಲಿ ಯುರೋಲೀಗ್ ಗೆದ್ದಿತು. 1999ರ ಏಪ್ರಿಲಿನಲ್ಲಿ ಮ್ಯೂನಿಕ್ಕಿನ ಫೈನಲ್ಲಿನಲ್ಲಿ ಇಟಲಿಯ ಬೊಲೊನಾ ತಂಡವನ್ನು 82-74ರಿಂದ ಮಣಿಸಿತು. ನಾನು ಪಿಯುಸಿ ಮುಗಿಸಿ ಮೊಳೆ ಜೋಡಿಸುವುದನ್ನು ಕಲಿಯುತ್ತಿದ್ದ ಕಾಲ ಅದು, ಅಂಥದೊಂದು ಊರಿದೆ ಎಂದೇ ಗೊತ್ತಿರಲಿಲ್ಲ.

ಝಲ್ಗಿರಿಸ್ ಎಂದರೆ ಏನು ಗೊತ್ತೆ? 1410ರಲ್ಲಿ ಲಿಥುವೇನಿಯಾ ಮತ್ತು ಪೋಲೆಂಡಿನವರು ಸೇರಿ ಜರ್ಮನ್ ನೈಟರನ್ನು ಸೋಲಿಸಿದ ಯುದ್ಧಭೂಮಿಯ ಹೆಸರು, ಅವರ ಭಾಷೆಯಲ್ಲಿ. ಸೋವಿಯತ್ ಒಕ್ಕೂಟದ ಕಾಲದಲ್ಲೂ ಅದೇ ಹೆಸರು. 1985, 86, 87 ಮೂರು ವರ್ಷ ಸತತವಾಗಿ ಮಾಸ್ಕೋದ ಸೈನ್ಯದ ತಂಡವನ್ನೇ ಸೋಲಿಸಿ ಇಡೀ ಒಕ್ಕೂಟಕ್ಕೆ ಚಾಂಪಿಯನ್ ಆದರು. ಬೀದಿಯಲ್ಲಿ ಧ್ವಜ ಹಿಡಿಯಲಾಗದ ಜನ ಆಟದ ಮನೆಯಲ್ಲಿ ತಮ್ಮ ನುಡಿಯಲ್ಲಿ ಕೂಗಿದರು. 1990ರ ಮಾರ್ಚ್‌ನಲ್ಲಿ ದೇಶ ಸ್ವಾತಂತ್ರ್ಯ ಸಾರಿಕೊಂಡಿತು. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ತನ್ನದೇ ಹೆಸರಿನಲ್ಲಿ ಕಂಚು ಗೆದ್ದಿತು.

ಅಚ್ಚಿನವನಾದ ನನ್ನನ್ನು ನಿಜವಾಗಿ ಅಲ್ಲಾಡಿಸಿದ್ದು ಇನ್ನೊಂದು ಮಾತು. 1864ರಿಂದ 1904ರವರೆಗೆ, ನಲವತ್ತು ವರ್ಷ, ರಷ್ಯಾದ ಝಾರ್ ದೊರೆಗಳು ಲಿಥುವೇನಿಯನ್ ಭಾಷೆಯನ್ನು ಅದರ ಸ್ವಂತ ಲಿಪಿಯಲ್ಲಿ ಅಚ್ಚು ಹಾಕುವುದನ್ನೇ ನಿಷೇಧಿಸಿದ್ದರು. ಬೇಕಾದರೆ ರಷ್ಯನ್ ಅಕ್ಷರದಲ್ಲಿ ಮುದ್ರಿಸಿ ಎಂದರು. ಜನ ಒಪ್ಪಲಿಲ್ಲ. ಗಡಿಯಾಚೆ ಪ್ರಷ್ಯಾದಲ್ಲಿ ಮುದ್ರಿಸಿ, ರೈತರು ಬೆನ್ನಿಗೆ ಮೂಟೆ ಕಟ್ಟಿ ರಾತ್ರಿ ಹೊತ್ತು ಪುಸ್ತಕ ಸಾಗಿಸಿದರು. ಸಿಕ್ಕಿಬಿದ್ದವರಿಗೆ ಗುಂಡು, ಇಲ್ಲವೇ ಸೈಬೀರಿಯಾ. ಆ ಪುಸ್ತಕ ಹೊತ್ತವರಿಗೆ ಇವತ್ತು ಅಲ್ಲಿ ವರ್ಷಕ್ಕೊಂದು ದಿನವೇ ಮೀಸಲಿದೆ, ಮಾರ್ಚ್ 16. ನಮಗೆ ಯಾರೂ ನಿಷೇಧ ಹೇರಿಲ್ಲ. ಮೊಳೆ ಹೋಗಿ ಆಫ್‌ಸೆಟ್ ಬಂತು, ಕಂಪ್ಯೂಟರಿನಲ್ಲಿ ನೂರು ನಮೂನೆಯ ಕನ್ನಡ ಅಕ್ಷರ ಬಂತು. ಆದರೂ ಗಿರಾಕಿ ಬಂದು ‘ಇಂಗ್ಲಿಷಲ್ಲೇ ಹಾಕಿ ಸಾರ್, ಗ್ರಾಂಡಾಗಿ ಕಾಣುತ್ತೆ’ ಎನ್ನುತ್ತಾನೆ.

ಒಂದು ಮಾತು ಸ್ಪಷ್ಟವಾಗಲಿ. ಹೊರಗಿನ ಆಟಗಾರರು ಬೇಡ ಎಂದು ನಾನು ಹೇಳುತ್ತಿಲ್ಲ. 1999ರ ಆ ಫೈನಲ್‌ನಲ್ಲಿ ಕೌನಸ್ಸಿನ ಹೀರೋ ಟೈಯಸ್ ಎಡ್ನಿ ಎಂಬ ಅಮೆರಿಕದವನು. ಊರು ಅವನನ್ನು ತಲೆಯ ಮೇಲೆ ಹೊತ್ತಿತು. ಪವನ್ ಉತ್ತರದ ಹುಡುಗ, ಆದರೆ ಆ ರಾತ್ರಿ ನಮ್ಮವನೇ. ಹಾಗೇ ನಮ್ಮ ಕರಾವಳಿಯ ಸುಕೇಶ್ ಹೆಗ್ಡೆ 2017ರಲ್ಲಿ ಗುಜರಾತಿಗೆ ನಾಯಕ. ವೈಟ್‌ಫೀಲ್ಡ್ ಹೋಟೆಲಿನ ಆ ಸೀಸನ್ನಿನಲ್ಲಿ ಪ್ರಶಾಂತ್ ಕುಮಾರ್ ರೈ ನಾಯಕರಾಗಿ ಫೈನಲ್ಲಿಗೆ ಕರೆದೊಯ್ದದ್ದು ಪಟ್ನಾ ತಂಡವನ್ನು. ನಮ್ಮ ಬಿ.ಸಿ. ರಮೇಶ್ ಕೋಚ್ ಆಗಿ 2019ರಲ್ಲಿ ಬಂಗಾಳಕ್ಕೆ, 2024ರ ಮಾರ್ಚ್‌ನಲ್ಲಿ ಪುಣೆಗೆ ಕಪ್ ಗೆಲ್ಲಿಸಿಕೊಟ್ಟರು. ಬೆಂಗಳೂರು ತಂಡ ಅವರನ್ನು ಮುಖ್ಯ ಕೋಚ್ ಎಂದು ಕರೆದದ್ದು 2025ರಲ್ಲಿ! ಅರ್ಜುನ ಪ್ರಶಸ್ತಿ ಅವರಿಗೆ ಬಂದದ್ದು 2001ರಲ್ಲಿ. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಇದಕ್ಕೇ. ಆಟಗಾರ ಎಲ್ಲಿಯವನಾದರೂ ಇರಲಿ, ಅಂಗಳ ನಮ್ಮದಾಗಬೇಕು, ಅಂಗಳದ ಮಾತು ನಮ್ಮದಾಗಬೇಕು.

ಮಾತಿಗೆ ಬಂದರೆ, ತಂಡದ ಘೋಷಣೆ ನೋಡಿ: ‘ಫುಲ್ ಚಾರ್ಜ್ ಮಾಡಿ’. ಮೂರು ಪದದಲ್ಲಿ ಕನ್ನಡ ಒಂದು. ನೂರಕ್ಕೆ 33. ನನ್ನ ಕಾಲದ ಎಸ್ಸೆಸ್ಸೆಲ್ಸಿಯಲ್ಲಿ ಪಾಸಾಗಲು 35 ಬೇಕಿತ್ತು. ತೆಲುಗರ ತಂಡ ‘ತೆಲುಗು ಟೈಟನ್ಸ್’, ತಮಿಳರದು ‘ತಮಿಳ್ ತಲೈವಾಸ್’. ಇಬ್ಬರೂ ಭಾಷೆಯನ್ನೇ ಹೆಸರು ಮಾಡಿಕೊಂಡರು. ‘ಕನ್ನಡ’ ಎಂಬ ಶಬ್ದ ನಮ್ಮವರಿಗೆ ಯಾಕೆ ಹೊಳೆಯಲಿಲ್ಲ? ನ್ಯಾಯವಾಗಿ ಒಂದು ಮೆಚ್ಚುಗೆಯನ್ನೂ ಹೇಳಬೇಕು. ಸರ್ಕಾರ ಊರಿನ ಹೆಸರನ್ನು ಇಂಗ್ಲಿಷಿನಲ್ಲೂ ಬೆಂಗಳೂರು ಮಾಡಿದ್ದು 2014ರ ನವೆಂಬರ್ 1ಕ್ಕೆ, ಅದಕ್ಕೂ ಮೊದಲೇ, ಜುಲೈನಲ್ಲೇ, ಈ ತಂಡ ‘ಬೆಂಗಳೂರು’ ಎಂದು ಬರೆದುಕೊಂಡಿತ್ತು. ಕ್ರಿಕೆಟ್ಟಿನ ಆರ್‌ಸಿಬಿಗೆ ಆ ಬುದ್ಧಿ ಬರಲು 2024ರ ಮಾರ್ಚ್ ಆಗಬೇಕಾಯಿತು.

ಬರೀ ಬೆಂಗಳೂರಿನವರನ್ನು ಬೈದರೆ ಅನ್ಯಾಯವಾದೀತು. ಹಿಂದಿನ ವರ್ಷ ಹೊಸನಗರ ಕಡೆಯ ಹುಡುಗರು ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಯ ಪೋಸ್ಟರು ಮಾಡಿಸಲು ಬಂದರು. ತಂಡಗಳ ಪಟ್ಟಿ ಟೈಪು ಮಾಡುತ್ತಾ ಹೋದೆ. ವಾರಿಯರ್ಸ್, ಲಯನ್ಸ್, ಫೈಟರ್ಸ್, ಮತ್ತೆ ವಾರಿಯರ್ಸ್, ಇನ್ನೊಂದು ವಾರಿಯರ್ಸ್. ಊರದೇವರ ಹೆಸರಿನ ತಂಡ ಎರಡು ಸಿಕ್ಕಿದಾಗ ಕೈಮುಗಿಯುವ ಹಾಗಾಯಿತು. ಲಿಂಗನಮಕ್ಕಿಯಲ್ಲಿ ಮನೆ ಮುಳುಗಿಸಿಕೊಂಡವರ ಮೊಮ್ಮಕ್ಕಳು ಅವರು. ಶರಾವತಿ ಎಂಬ ಹೆಸರು ಬಾಗಿಲಲ್ಲೇ ಹರಿಯುತ್ತಿದೆ, ಅದು ಸಾಲದೇ? ಇದೇ ಸಾಗರ ತಾಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಶುರುವಾದ ನೀನಾಸಂ, ಜಗತ್ತಿನ ನಾಟಕಗಳನ್ನೆಲ್ಲ ಕನ್ನಡದಲ್ಲಿ ಆಡಿ ತೋರಿಸಿತು. ಶೇಕ್ಸ್‌ಪಿಯರನೇ ಕನ್ನಡ ಮಾತಾಡಿದ ತಾಲೂಕಿನಲ್ಲಿ ಕಬಡ್ಡಿ ತಂಡಕ್ಕೆ ಕನ್ನಡ ಹೆಸರು ಸಿಗುವುದಿಲ್ಲವೆಂದರೆ ಹೇಗೆ?

ನಾವು ಕೇಳಬೇಕಾದದ್ದು ದೊಡ್ಡದೇನಲ್ಲ. ಮುಂದಿನ ಸೀಸನ್ನಿನ ವೇಳಾಪಟ್ಟಿ ಹಾಕುವಾಗ, ಬೆಂಗಳೂರಿನ ಹೆಸರು ಹೊತ್ತ ತಂಡ ಒಂದು ವಾರವಾದರೂ ಕರ್ನಾಟಕದ ನೆಲದಲ್ಲಿ ಆಡಬೇಕು. ಮೈಕಿನಲ್ಲಿ ಮೊದಲು ಕನ್ನಡ ಕೇಳಬೇಕು. ಕಂಠೀರವ ಒಳಾಂಗಣ ಕೊಡಿಸುವುದು ನಮ್ಮ ಸರ್ಕಾರದ ಕೈಯಲ್ಲೇ ಇದೆ, ಅದು ಸಿಗದಿದ್ದರೆ ಜಿಲ್ಲಾ ಕೇಂದ್ರಗಳಿವೆ. ತಂಡದ ಮಾಲೀಕರಿಗೊಂದು, ಲೀಗ್ ನಡೆಸುವವರಿಗೊಂದು, ಕ್ರೀಡಾ ಸಚಿವರಿಗೊಂದು ಅಂಚೆ ಕಾರ್ಡು ಬರೆಯಿರಿ. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರು ತಾಲೂಕಿನ ಕಾರ್ಡುಗಳನ್ನು ಒಟ್ಟು ಮಾಡಿ ಕಳಿಸುವ ಕೆಲಸ ನನ್ನ ಪ್ರೆಸ್ಸಿನದು. ಶಿವಮೊಗ್ಗಕ್ಕೆ ಒಂದೇ ಒಂದು ಪಂದ್ಯ ಬಂದರೂ ಸರಿ, ಪೋಸ್ಟರು ನಾನು ಹಾಕಿಕೊಡುತ್ತೇನೆ, ಕಾಗದದ ದುಡ್ಡು ಕೊಟ್ಟರೆ ಸಾಕು.